ಬ್ರೇಕಿಗೆ ಯಾವ ಎಣ್ಣೆ?

ಬ್ರೇಕ್ ಒತ್ತಿದೆ.

ಪೆಡಲ್ ಸೀದಾ ನೆಲಕ್ಕೆ ಹೋಯ್ತು!

ಬೈಕುಲ್ಲಾ ಬ್ರಿಜ್ ಇಳಿಜಾರು... ಮುಂದೆ ಟ್ರಾಮ್... ಹಿಂದೆ ರಮಾನಾಥನ ಕರಿ ಕಾರು. ನಡುವೆ ನಾನು, ಧಾರವಾಡದ ಮುರಿಗೆಪ್ಪ. ಬಾಂಬೆಯಲ್ಲಿ ಯಾರ ಕೆಲಸ ಕೆಟ್ಟರೂ ಸರಿ ಮಾಡಿಕೊಡೋ ಮನುಷ್ಯ. ನನ್ನದೊಂದು ಬಿಟ್ಟು!

ಹಿಂದಿನ ಸೀಟಿನಲ್ಲಿ ವಿನೋದಿನಿ ಅಕ್ಕ. ಉಡುಪಿ ಕಡೆಯವರು. ಗಂಡ ಅಣ್ಣು ಸಾಂತಾಕ್ರೂಜ್‌ನಲ್ಲಿ ಹೋಟೆಲ್ ಇಟ್ಟಿದ್ದ. ಆ ಹೋಟೆಲ್ ಮೇಲೆ ಗೂಂಡಾ ರಮಾನಾಥನ ಕಣ್ಣು. ದಾರೂಬಂದಿ ಕಾಲ ನೋಡಿ, ಬಾಟ್ಲಿ ಸಿಕ್ಕರೆ ಜೈಲು... ಕಿಚನ್ನಿನಲ್ಲಿ ಕಳ್ಳಸಾರಾಯಿ ಬಾಟ್ಲಿ ಇಟ್ಟು, ತಾನೇ ಪೊಲೀಸರಿಗೆ ಸುದ್ದಿ ಕೊಟ್ಟ. ಅಣ್ಣು ಒಳಗೆ! ಇಟ್ಟದ್ದನ್ನು ಕಣ್ಣಾರೆ ಕಂಡವರು ಅಕ್ಕ ಒಬ್ಬರೇ. ಇವತ್ತು ಕೋರ್ಟಿನಲ್ಲಿ ಸಾಕ್ಷಿ ಹೇಳದಿದ್ದರೆ ಅಣ್ಣುವಿಗೆ ಜೈಲೇ ಗತಿ.

"ಬ್ರೇಕ್ ಹತ್ತವಲ್ದು, ಅಕ್ಕಾರ! ಗಟ್ಟಿ ಹಿಡ್ಕೊಂಡ್ ಕೂಡ್ರಿ!"

"ಅಯ್ಯೋ ದೇವರೇ! ಎಂತ ಮಾರಾಯ್ರೆ ಇದು!"

ಪೆಡಲ್ ಪಂಪ್ ಮಾಡಿದೆ. ಊಹೂಂ! ಗೇರ್ ಇಳಿಸಿದೆ... ಇಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದೆ. ಟ್ರಾಮ್ ಪಕ್ಕ ನುಸುಳಿ ಮಾರ್ಕೆಟ್ ಕಡೆ ತಿರುಗಿಸಿದೆ...

ಧಡ್!

ಕೋಸಿನ ರಾಶಿ!

ಕೋಸು ಮಾರೋ ಗಂಗುಬಾಯಿ ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ಜಾಲಾಡಿದಳು. ಕೈಮುಗಿದೆ. ರಮಾನಾಥನ ಕಾರು ಟ್ರಾಮ್ ಹಿಂದೆ ಸಿಕ್ಕಿಬಿದ್ದಿತ್ತು.

ಟ್ಯಾಕ್ಸಿ ಹಿಡೀಬಹುದಿತ್ತಲ್ಲ ಅಂತೀರಾ? ಸ್ಟ್ಯಾಂಡಿನಲ್ಲಿ ಅವನ ಆಳುಗಳೇ ನಿಂತಿದ್ದರು!

ಮಾರ್ಕೆಟ್ ಹಿಂದೆಯೇ ನಮ್ಮೂರ ಗದಿಗೆಪ್ಪನ ಗ್ಯಾರೇಜ್. ಗಾಡಿ ಅಲ್ಲಿಗೆ ತಳ್ಳಿದೆವು.

"ರಮಾನಾಥನೇ ಬ್ರೇಕ್ ಪೈಪ್ ಕೊಯ್ದಾನ! ಮರ್ಡರ್ ಅಟೆಂಪ್ಟ್!" ಅಂದೆ.

ಎದೆ ಉಬ್ಬಿಸಿಕೊಂಡೇ ಅಂದೆ. ನಮ್ಮನ್ನೂ ಕೊಲ್ಲೋಕೆ ಒಬ್ಬ ಇದ್ದಾನೆ ಅಂದ್ರೆ ಒಂಥರಾ ಮರ್ಯಾದೆ ಅಲ್ಲವೇ?

ಪೈಪಿನುದ್ದಕ್ಕೂ ಕೈಯಾಡಿಸಿದೆ. ಎಲ್ಲೂ ಕೊಯ್ದಿಲ್ಲ... ಎಲ್ಲೂ ಸೋರಿಲ್ಲ. ಮಾಸ್ಟರ್ ಸಿಲಿಂಡರ್ ಬಿಚ್ಚಿದೆ. ಒಳಗಿನ ರಬ್ಬರ್ ಪೂರಿ ಥರ ಉಬ್ಬಿತ್ತು!

ಅಕ್ಕ ಬಗ್ಗಿ ಮೂಸಿದರು. ಮುಖ ಅರಳಿತು.

"ಇದು ನಮ್ಮ ಎಣ್ಣೆ ಅಲ್ವಾ!"

"ಯಾವ ಎಣ್ಣಿ?"

"ಮೊನ್ನೆ ನೀವೇ ಹೇಳಿದ್ರಲ್ಲ, ಗಾಡಿಯ ಡಬ್ಬಿಯಲ್ಲಿ ಎಣ್ಣೆ ಕಮ್ಮಿ ಉಂಟು, ಸ್ವಲ್ಪ ಹಾಕಿ ಅಂತ?"

"ಬ್ರೇಕ್ ಎಣ್ಣಿ, ಅಕ್ಕಾರ!"

"ನೀವು ಬರೀ ಎಣ್ಣೆ ಅಂದ್ರಿ. ಎಣ್ಣೆ ಅಂದ್ರೆ ತೆಂಗಿನೆಣ್ಣೆ. ಮತ್ತೆಂತದು?"

ನಮ್ಮ ಕಡೆಯಾದ್ರೆ ಶೇಂಗಾದ್ದೋ ಕುಸುಬಿದ್ದೋ ಅಂತ ಒಂದು ಮಾತು ಕೇಳ್ತಾರೆ. ಉಡುಪಿಯವರಿಗೆ ಆ ಡೌಟೇ ಇಲ್ಲ! ನಾನೋ, ಅವರ ನೀರ್‌ದೋಸೆ ಮೆಲ್ಲುತ್ತಾ ಕುರ್ಚಿಯಿಂದಲೇ ಹುಕುಂ ಮಾಡಿದ್ದೆ. ತೆಂಗಿನೆಣ್ಣೆ ಕುಡಿದು ರಬ್ಬರ್ ಉಬ್ಬಿ, ನಿನ್ನೆಯಿಂದ ಪೆಡಲ್ ಮೆತ್ತಗಿತ್ತು. ಹಳೇ ಗಾಡಿ, ವಯಸ್ಸಾಯ್ತು ಅಂತ ಬಿಟ್ಟೆ. ಇಂಥ ಪತ್ತೇದಾರ ನಾನು!

ಸ್ಪಿರಿಟ್ ಹಾಕಿ ಪೈಪ್ ತೊಳೆದೆವು. ಗದಿಗೆಪ್ಪ ಹೊಸ ರಬ್ಬರ್ ಕೊಟ್ಟು ಚಹಾ ತರೋಕೆ ಹೋದ. ಬ್ರೇಕ್ ಆಯಿಲ್ ಈ ಸಲ ನಾನೇ ತುಂಬಿದೆ. ಇನ್ನು ಪೈಪಿನೊಳಗಿನ ಗಾಳಿ ತೆಗೀಬೇಕು, ಇಲ್ಲದಿದ್ರೆ ಬ್ರೇಕ್ ಹಿಡಿಯಲ್ಲ. ಅಕ್ಕನ ಕಾಲು ಪೆಡಲ್ ಮೇಲೆ. ನಾನು ಗಾಡಿ ಕೆಳಗೆ, ಗಾಳಿ ಬಿಡೋ ರಬ್ಬರ್ ನಳಿಕೆ ಹಿಡಿದು.

"ಒತ್ರಿ!... ಹಿಡೀರಿ!... ಬಿಡ್ರಿ!"

ನನ್ನ ಮೂಗಿನ ಹತ್ತಿರ ಎರಡು ಬೂಟು ಬಂದು ನಿಂತವು.

ರಮಾನಾಥ ಬಗ್ಗಿದ. ಕೈಯಲ್ಲಿ ಚಾಕು!

"ಹೊರಗೆ ಬಾರೋ, ಬೇಟಾ!"

ವೀರನ ಹಾಗೆ ತಲೆ ಎತ್ತಿದೆ. ಗಾಡಿಯ ತಳಕ್ಕೆ ಬಡಿಯಿತು! ಕಣ್ಣಿಗೆ ಕತ್ತಲೆ...

"ಒತ್ರೀ... ಅಕ್ಕಾರ!"

ಗಂಡನ ಮೇಲಿದ್ದ ಪ್ರೀತಿಯನ್ನೆಲ್ಲ ಅಕ್ಕ ಪೆಡಲ್ ಮೇಲೆ ಹಾಕಿದರು. ನಳಿಕೆ ಅವನ ಮುಖಕ್ಕೆ ತಿರುಗಿಸಿದೆ.

ಚುರ್ರ್!

ಕಣ್ಣು ಮುಚ್ಚಿಕೊಂಡು ಕುಸಿದ. ಅಷ್ಟರಲ್ಲಿ ಗದಿಗೆಪ್ಪ ಬಂದ. ಚಹಾ ಕೆಳಗಿಟ್ಟು ಅವನ ಮೇಲೆ ಕೂತ. ಗದಿಗೆಪ್ಪ ಒಳ್ಳೇ ಭಾರದ ಆಸಾಮಿ. ಉಳಿದ ಗಾಳಿ ತೆಗೆದು ನಾವಿಬ್ಬರು ಹೊರಟೆವು.

ಕೋರ್ಟ್ ಬಾಗಿಲಲ್ಲಿ ಬ್ರೇಕ್ ಒತ್ತಿದೆ. ಹಿಡಿಯಿತು! ಅಕ್ಕ ಓಡಿದರು... ಸಾಕ್ಷಿ ಹೇಳಿದರು...

ಅಣ್ಣು ಬಿಡುಗಡೆ!

ಗಂಡ ಹೆಂಡತಿ ಮೆಟ್ಟಿಲ ಮೇಲೆ ನಿಂತು ಅತ್ತರು. ನಾನು ಗಾಡಿ ಬಾಗಿಲು ತೆರೆದು ಹಿಡಿದೆ.

"ಬರ್ರಿ, ಗಾಡ್ಯಾಗ ಮನಿಗೆ ಬಿಡ್ತೀನಿ" ಅಂದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಸೀದಾ ಚರ್ಚ್‌ಗೇಟ್ ಸ್ಟೇಷನ್ ಕಡೆ ನಡೆದರು.

ನಾನು ಒಮ್ಮೆ ಗಾಡಿ ನೋಡಿದೆ... ಅವರ ಹಿಂದೆ ಓಡಿಹೋಗಿ ಸಾಂತಾಕ್ರೂಜ್‌ಗೆ ಮೂರು ಟಿಕೆಟ್ ತೆಗೆಸಿದೆ.