ದುಭಾಷಿ ಕಟ್ಟಿಟ್ಟ ಮಾತು

“ಇಂಗ್ಲಿಷಲ್ಲಿ ಎಷ್ಟು ಬೇಕಾದ್ರೂ ಓದ್ಕೊ. ಕನ್ನಡಕ್ಕೆ ಮಾತ್ರ ತರಬೇಡ ಕಣೇ,” ಎಂದರು ಶಿವಲಿಂಗಮ್ಮ.

ಲಾವಣ್ಯಾ ನಕ್ಕುಬಿಟ್ಟಳು. ಮೈಸೂರಿನಿಂದ ನ್ಯೂಜೆರ್ಸಿಯ ಪಾರ್ಸಿಪನಿಗೆ ಬಂದು ಇನ್ನೂ ಹದಿನೈದು ದಿನವಾಗದ ಸೋದರತ್ತೆ, ಸ್ವೆಟರಿನ ಮೇಲೆ ಶಾಲು ಹೊದ್ದು, ಲ್ಯಾಪ್‌ಟಾಪಿಗೆ ಹೆದರಿ ಕೂತಿದ್ದರು.

“ಅತ್ತೆ, ಶಾಪಕ್ಕೂ ವೀಸಾ ಬೇಕು. ನೂರೈವತ್ತು ವರ್ಷದ ಹಿಂದಿಂದು ನ್ಯೂಜೆರ್ಸಿಗೆ ಹೆಂಗೆ ಬರತ್ತೆ?”

“ನೀನೇ ಕರ್ಕೊಂಡು ಬರ್ತಿದೀಯಲ್ಲ.”

ಆರು ತಿಂಗಳಿಂದ ಲಾವಣ್ಯಾ ಹಳೇ ಇಂಗ್ಲಿಷ್ ಕೋರ್ಟ್ ಕಡತಗಳ ಸ್ಕ್ಯಾನ್ ತರಿಸಿ ತವರಿನ ವಂಶಾವಳಿ ಹುಡುಕುತ್ತಿದ್ದಳು. ಏಳು ವರ್ಷದ ಮಗಳು ಮಂಜರಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಮನೆತನದ ಕತೆಯನ್ನಾದರೂ ಅವಳಿಗೆ ಕನ್ನಡದಲ್ಲಿ ಬರೆದುಕೊಡಬೇಕೆಂಬ ಆಸೆ. ಕೊನೆಗೆ 1874ರ ಮೊಕದ್ದಮೆಯೊಂದರಲ್ಲಿ ಮುತ್ತಜ್ಜನ ಅಪ್ಪ ಸಿಕ್ಕಿದ್ದ: ಸಾಕ್ಷಿ, ಪಟೇಲ ಸಿದ್ದೇಗೌಡ. ಕೆಂಚವ್ವನೆಂಬ ವಿಧವೆ ಊರ ಮಗುವೊಂದಕ್ಕೆ ವಿಷವಿಟ್ಟಳೆಂದು ಪ್ರಮಾಣ ಮಾಡಿ ಹೇಳಿದ್ದ. ಅವಳಿಗೆ ಗಡೀಪಾರು ಶಿಕ್ಷೆಯಾಯಿತು.

“ಅವಳಿಗೆ ಮಾಟ ಗೊತ್ತಿತ್ತು. ವಿಷ ಇಟ್ಟಿದ್ದು ಸುಳ್ಳು,” ಶಿವಲಿಂಗಮ್ಮನ ದನಿ ಇಳಿಯಿತು. “ಅವಳ ಹೊಲದ ಮೇಲೆ ನಮ್ಮೋರ ಕಣ್ಣು. ಕಾಲಿಗೆ ಸರಪಳಿ ಹಾಕಿ ಎಳ್ಕೊಂಡು ಹೋಗೋವಾಗ ಮಗಳನ್ನ ಕೂಗಿದ್ಲಂತೆ. ಜವಾನರು ಮಗೂನ ಹತ್ರ ಬರೋಕೆ ಬಿಡ್ಲಿಲ್ಲ. ಆಗ ತಿರುಗಿ ನಿಂತು ಒಂದು ಮಾತು ಆಡಿದ್ಲು. ಕೋರ್ಟಿನ ದುಭಾಷಿ ಅದನ್ನ ಇಂಗ್ಲಿಷಲ್ಲಿ ಬರೆಸಿ, ಆಚೆ ಬಂದು ನಮ್ಮೋರಿಗೆ ಹೇಳ್ದ: ಆ ಶಾಪಾನ ಅದಕ್ಕೆ ಗೊತ್ತಿಲ್ಲದ ಭಾಷೇಲಿ ಕಟ್ಟಾಕಿದೀನಿ, ನಿಮ್ಮ ಮನೇವರ ಬಾಯಿಂದ ಅದು ಕನ್ನಡಕ್ಕೆ ಬರಬಾರದು ಅಂತ.”

“ಒಳ್ಳೇ ಟ್ರಾನ್ಸ್‌ಲೇಟರ್!” ಎಂದಳು ಲಾವಣ್ಯಾ. ಶಿವಲಿಂಗಮ್ಮ ಕಿವಿ ಮುಚ್ಚಿಕೊಂಡು ಒಳಕೋಣೆಗೆ ಎದ್ದು ಹೋದರು.

ಕಿಟಕಿಯಾಚೆ ಹಿಮ. ನಾಲ್ಕೂವರೆಗೇ ಬೆಳಕು ಬೂದಿಯಾಗಿತ್ತು. ಕಾರ್ಪೆಟ್ಟಿನ ಮೇಲೆ ಮಂಜರಿ ಬಣ್ಣ ತುಂಬುತ್ತಿದ್ದಳು. ಲಾವಣ್ಯಾ ಕಡತದಲ್ಲಿದ್ದ ತಿರುಗುಮುರುಗಾದ ಆ ಇಂಗ್ಲಿಷ್ ಸಾಲನ್ನು ಬಿಡಿಸಿ ಕನ್ನಡಕ್ಕೆ ತಂದು, ಸರಿಯಾಗಿದೆಯೇ ಎಂದು ನೋಡಲು ಬಾಯಿಬಿಟ್ಟು ಓದಿದಳು:

“ನೀನು ಕರೆದರೆ ನಿನ್ನ ಮನೆಯ ಮಗು ಬಾರದಿರಲಿ. ನಾನು ಕರೆದರೆ ಬರಲಿ.”

ಹೀಟರಿನ ಬುಸುಬುಸು ನಿಂತಿತು. ಕೂದಲು ಸುಟ್ಟ ವಾಸನೆ. ಅದರಡಿಯಲ್ಲಿ ಕೊಳೆತ ನಿಂಬೆಯ ಹುಳಿನಾತ. ಕೋಣೆ ತಣ್ಣಗಾಗತೊಡಗಿತು.

“ಮಂಜರಿ, ಜಾಕೆಟ್ ಹಾಕ್ಕೋ ಪುಟ್ಟ.”

ಮಗು ತಲೆಯೆತ್ತಲಿಲ್ಲ. ಹತ್ತಿರ ಬಗ್ಗಿ ಕೂಗಿದಳು. ಬಣ್ಣದ ಕಡ್ಡಿ ಕಾಗದದ ಮೇಲೆ ಕೆರೆಯುತ್ತಲೇ ಇತ್ತು. ಹಟವಿರಬೇಕು ಎಂದುಕೊಂಡು ಹೀಟರಿನ ಗುಂಡಿ ನೋಡಲು ಒಳಗೆ ಹೋದಳು.

ಬಾಗಿಲು ತೆರೆದ ಸದ್ದು.

ಓಡಿಬಂದಳು. ಕಾರ್ಪೆಟ್ಟು ಖಾಲಿ. ಹೊರಗೆ ಹಿಮದ ಮೇಲೆ ಪುಟ್ಟ ಬರಿಗಾಲಿನ ಹೆಜ್ಜೆಗಳು. ಅವುಗಳ ಪಕ್ಕದಲ್ಲಿ ದೊಡ್ಡ ಹೆಜ್ಜೆಗಳು, ಅವೂ ಬರಿಗಾಲಿನವು. ದೊಡ್ಡ ಹೆಜ್ಜೆಗಳ ನಡುವೆ ಉದ್ದಕ್ಕೂ ಸರಪಳಿ ಎಳೆದ ಗೀರು.

ಗೀರು ಹೈವೇ ಕಡೆಗೆ ಹೋಗಿತ್ತು.

“ಮಂಜರೀ! ನಿಲ್ಲೇ! ಅಮ್ಮ ಕರೀತಿದೀನಿ ಕಣೇ!”

ಮಗು ನಿಲ್ಲಲಿಲ್ಲ. ಒಂದು ಕೈ ಮೇಲೆತ್ತಿತ್ತು. ಯಾರದೋ ಬೆರಳು ಹಿಡಿದಂತೆ. ಟ್ರಕ್ಕಿನ ದೀಪ ತಿರುವಿನಲ್ಲಿ ಹೊಳೆಯಿತು. ಲಾವಣ್ಯಾ ಕೂಗಿದಳು. ಜಾರಿ ಬಿದ್ದಳು. ಎದ್ದಳು. ಮತ್ತೆ ಕೂಗಿದಳು. ಮಗುವಿನ ಹೆಜ್ಜೆ ಚುರುಕಾಯಿತು. ಹಾರನ್ ಕಿರುಚಿತು. ದುಭಾಷಿ ನೆನಪಾದ: ಅದಕ್ಕೆ ಗೊತ್ತಿಲ್ಲದ ಭಾಷೆ.

“ಸ್ಟಾಪ್! ಮಂಜರಿ, ಕಮ್ ಟು ಮಾಮ್!”

ಮಗು ತಟ್ಟನೆ ನಿಂತಿತು. ಟ್ರಕ್ಕಿನ ಗಾಳಿ ಅದರ ಜಡೆಯನ್ನು ಎಳೆದುಬಿಟ್ಟು ಹೋಯಿತು.

ಡಾಕ್ಟರು ಮಗುವಿನ ಕಿವಿ ಸರಿಯಾಗಿದೆ ಎಂದರು. ಗೆಳತಿ ಅಕ್ಷಯಾ ನಕ್ಕಳು: “ನಮ್ಮ ಮಕ್ಳೂ ಹಂಗೇ ಕಣೇ, ಕನ್ನಡ ಅಂದ್ರೆ ಕಿವಿಗೇ ಹಾಕ್ಕೊಳಲ್ಲ.” ಲಾವಣ್ಯಾ ಕಡತ ಅಳಿಸಿದಳು. ಆಡಿದ ಮಾತನ್ನು ಅಳಿಸಲಾಗಲಿಲ್ಲ. ಈಗ ಆ ಮನೆಯಲ್ಲಿ ಮಗುವಿನೆದುರು ಯಾರೂ ಕನ್ನಡ ಆಡುವುದಿಲ್ಲ. ಜೋಗುಳವೂ ಇಂಗ್ಲಿಷಿನದೇ. ಮಂಜರಿ ಕರೆದಾಗಲೆಲ್ಲ ಬರುತ್ತಾಳೆ: “ಕಮಿಂಗ್, ಮಾಮ್!”

ನಿನ್ನೆ ಸಂಜೆ ಲಾವಣ್ಯಾ ಕರೆದಿರಲಿಲ್ಲ. ಅಡುಗೆಮನೆಯಲ್ಲಿ ಸುಮ್ಮನೆ ಸೊಪ್ಪು ಬಿಡಿಸುತ್ತಿದ್ದಳು. ಕಾರ್ಪೆಟ್ಟಿನ ಮೇಲಿದ್ದ ಮಂಜರಿ ಬಣ್ಣದ ಕಡ್ಡಿ ಕೆಳಗಿಟ್ಟು, ಬಾಗಿಲ ಕಡೆಗೆ ತಲೆಯೆತ್ತಿ, ಯಾರೂ ಅವಳಿಗೆ ಕಲಿಸದಿದ್ದ ಹಳ್ಳಿಯ ಕನ್ನಡದಲ್ಲಿ ಓಗೊಟ್ಟಳು:

“ಬಂದೇ ಕಣವ್ವಾ.”

ಬಾಗಿಲಾಚೆ, ಎಳೆದು ಬರುತ್ತಿದ್ದ ಸರಪಳಿಯ ಸದ್ದು ನಿಂತಿತು.