ಎಲ್ಲೆಮನೆಯ ಸೊಸೆಯೂ ಹಿಮಗಿರಿಯ ಒಲೆಯೂ

ಬಹಳ ಹಿಂದೆ, ಕಡಲಿನ ಪಕ್ಕದಲ್ಲಿ ಶಂಖವತಿ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲೆಮನೆಯವರೆಂದರೆ ರಾಜರಿಗಿಂತ ಹಳಬರು. ಕೊಟ್ಟ ಮಾತಿಗೆ ತಪ್ಪಿದವರಲ್ಲ, ಯಾರ ಮುಂದೆಯೂ ತಲೆ ತಗ್ಗಿಸಿದವರಲ್ಲ. ಆ ಮನೆಗೆ ಬಂದ ಸೊಸೆ ಹೊಸಿಲು ದಾಟುವ ಮೊದಲು, ಅಂದಿನ ಉಬ್ಬರ ಮುಟ್ಟಿದ ಜಾಗದಲ್ಲಿ ಒಂದು ಕಲ್ಲು ನೆಡಬೇಕು. ತಲೆತಲಾಂತರದ ಆ ಕಲ್ಲುಗಳಲ್ಲಿ ಕೆಲವು ಗುಡ್ಡದ ನೆತ್ತಿಯಲ್ಲಿದ್ದವು, ಕೆಲವು ಕಡಲ ತಳದಲ್ಲಿ, ಮೀನುಗಳ ನಡುವೆ.

ವನಮಾಲೆ ಆ ಮನೆಯ ಹಿರಿಸೊಸೆ. ಒಂದು ವರ್ಷ ಕಡಲು ಅವಳು ನೆಟ್ಟ ಕಲ್ಲನ್ನು ದಾಟಿ ಬೀದಿಗೇ ಬಂತು. ಅವಳು ನೇರ ಅರಮನೆಗೆ ಹೋದಳು.

"ಮಹಾಪ್ರಭು, ವರ್ಷವಿಡೀ ಮಾವಿನಹಣ್ಣು ಬೇಕೆಂದಿರಂತೆ. ಅದಕ್ಕಾಗಿ, ಬೇಸಿಗೆ ಮುಗಿಯದಿರಲೆಂದು, ಮಾಂತ್ರಿಕ ಅಂಗಾರಮುಖ ಹಿಮಗಿರಿಯ ಮೇಲೆ ಒಲೆ ಹೂಡಿದ್ದಾನೆ. ಆ ಬಿಸಿಗೆ ಹಿಮ ಕರಗಿ ಕಡಲಿಗೆ ಇಳಿಯುತ್ತಿದೆ. ಹಿಂದೊಮ್ಮೆ ಲೋಕ ಬೆಚ್ಚಗಾದಾಗ ಕಡಲು ಗುಡ್ಡದ ನೆತ್ತಿಗೇರಿತ್ತು. ನಮ್ಮ ಕಲ್ಲುಗಳೇ ಸಾಕ್ಷಿ."

ರಾಜ ಪುರಂಜಯ ಮಾವಿನ ವಾಟೆ ಚೀಪುತ್ತ ನಕ್ಕ. "ಕಡಲು ಗುಡ್ಡ ಹತ್ತಿತೇ? ಅದಕ್ಕೆ ಕಾಲಿದೆಯೇನಮ್ಮ? ಜಾಗ ಕಬಳಿಸಲು ನೆಟ್ಟ ಕಲ್ಲುಗಳವು. ನಿಮ್ಮ ಮನೆತನವೇ ಸುಳ್ಳುಗಾರರದು!"

ಸಭೆ ಚಪ್ಪಾಳೆ ತಟ್ಟಿತು. ವನಮಾಲೆ ಸೆರಗು ಸರಿಮಾಡಿಕೊಂಡು ಹಿಮಗಿರಿಯ ಕಡೆಗೆ ನಡೆದಳು.

ಗುಡ್ಡದ ದಾರಿಗೆ ಅಡ್ಡಲಾಗಿ ಮನೆಯಷ್ಟು ದೊಡ್ಡ ಆಮೆ ಮಲಗಿತ್ತು. "ಕಡಲು ನನ್ನನ್ನು ಇಲ್ಲೇ ಬಿಟ್ಟು ಯಾಕೆ ಹೋಯಿತು? ಹೇಳಿದರೆ ದಾರಿ."

"ಚಳಿ ಯುಗಗಟ್ಟಲೆ ನಿಂತಿತು, ಆಮೆರಾಯ. ಕಡಲಿನಿಂದ ಎದ್ದ ಮೋಡ ಬೆಟ್ಟದ ಮೇಲೆ ಹಿಮವಾಗಿ ಕೂತಿತು, ಮರಳಿ ಬರಲಿಲ್ಲ. ಕಡಲು ಬಡವಾಯಿತು."

ಆಮೆ ನಿಟ್ಟುಸಿರಿಟ್ಟು ಪಕ್ಕಕ್ಕೆ ಸರಿಯಿತು.

ಮುಂದೆ ಕೊಲ್ಲಿಯ ದಂಡೆಯಲ್ಲಿ ಒಂದು ನೀಲಿ ಜಿಂಕೆ ನೀರನ್ನೇ ನೋಡುತ್ತ ನಿಂತಿತ್ತು. "ಇದರಡಿ ನನ್ನ ಕಾಡಿತ್ತು. ಯಾರು ಮುಳುಗಿಸಿದರು? ಹೇಳಿದರೆ ದಾರಿ."

"ಬಿಸಿಲು ಮುಳುಗಿಸಿತು, ಕಂದಾ. ಬೆಟ್ಟದಲ್ಲಿ ಕೂತಿದ್ದ ಹಿಮ ಕರಗಿ ತವರಿಗೆ ಮರಳಿತು."

ಜಿಂಕೆ ಅವಳನ್ನು ಬೆನ್ನ ಮೇಲೆ ಹೊತ್ತು ನೀರಿನ ಮೇಲೆ ನಡೆಯಿತು. ಕೆಳಗೆ ಮುಳುಗಿದ ಮರಗಳು ನಿದ್ದೆಯಲ್ಲಿ ತೂಗುತ್ತಿದ್ದವು.

ಶಿಖರದಲ್ಲಿ ಅಂಗಾರಮುಖನ ಒಲೆ ಧಗಧಗಿಸುತ್ತಿತ್ತು. ಅದರ ಮೇಲೆ ಅಂಚಿನವರೆಗೆ ತುಂಬಿದ ಕೊಪ್ಪರಿಗೆ, ಕೊಪ್ಪರಿಗೆಯಲ್ಲಿ ತೇಲುವ ಹಿಮಗಡ್ಡೆ.

"ಬನ್ನಿ, ಎಲ್ಲೆಮನೆಯ ಅಮ್ಮನವರೇ!" ಎಂದು ಅವನು ಅಣಕಿಸಿದ. "ಹಿಮ ಕರಗಿದರೆ ನೀರು ಏರುತ್ತದೆ ಎಂದಿರಲ್ಲ? ಈ ಗಡ್ಡೆ ಕರಗಿ ಒಂದು ಹನಿ ಚೆಲ್ಲಿದರೆ ನೀವು ಗೆದ್ದಿರಿ. ಇಲ್ಲವಾದರೆ ಕಲ್ಲಾಗುತ್ತೀರಿ."

ಗಡ್ಡೆ ಕರಗಿತು. ನೀರು ಅಂಚಿನಲ್ಲೇ ನಿಂತಿತು. ವನಮಾಲೆಯ ಪಾದಗಳು ತಣ್ಣಗೆ ಕಲ್ಲಾಗತೊಡಗಿದವು.

"ತೇಲುವ ಹಿಮ ತನ್ನ ಜಾಗವನ್ನು ನೀರಿನಲ್ಲಿ ಮೊದಲೇ ಹಿಡಿದಿರುತ್ತದೆ, ಮೋಸಗಾರ! ನಾನು ಹೇಳಿದ್ದು ನೆಲದ ಮೇಲೆ ಕೂತ ಹಿಮದ ಮಾತು."

ಪಕ್ಕದ ಬಂಡೆಯ ಮೇಲಿದ್ದ ಹಿಮವನ್ನು ಬೊಗಸೆ ತುಂಬ ಬಾಚಿ ಕೊಪ್ಪರಿಗೆಗೆ ಹಾಕಿದಳು. ನೀರು ಅಂಚು ಮೀರಿ ಒಲೆಗೆ ಸುರಿಯಿತು. ಚೊಂಯ್ ಎಂದು ಬೆಂಕಿ ಆರಿತು. ಅಂಗಾರಮುಖ ಹೊಗೆಯಾಗಿ ಹೋದ. ಅವಳ ಪಾದಗಳು ಮತ್ತೆ ಬೆಚ್ಚಗಾದವು.

ಹಿಮ ಮತ್ತೆ ಬಿತ್ತು. ಕಡಲು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಮೆಲ್ಲಗೆ ಹಿಂದೆ ಸರಿಯಿತು. ಶಂಖವತಿಯ ಜನ ಬೀದಿಯ ಕೆಸರು ತೊಳೆದು, ಮಾವಿನಹಣ್ಣನ್ನು ಬೇಸಿಗೆಯಲ್ಲಷ್ಟೇ ತಿಂದು, ಸುಖವಾಗಿ ಬಾಳಿದರು.

ಪುರಂಜಯ ವನಮಾಲೆಯನ್ನು ಸಭೆಗೆ ಕರೆಸಿದ. "ತಾಯಿ, ಮುತ್ತು ಬೇಕೇ? ಊರು ಬೇಕೇ? ಕೇಳಿ, ಕೊಡುತ್ತೇನೆ."

"ಮುತ್ತು ನಮ್ಮ ಮನೆಯಲ್ಲೂ ಇದೆ, ಪ್ರಭು. ಆ ಕಲ್ಲುಗಳನ್ನು ನೆಟ್ಟ ನನ್ನ ಅತ್ತೆಯನ್ನು, ಅವರ ಅತ್ತೆಯನ್ನು ಇದೇ ಸಭೆಯಲ್ಲಿ ಸುಳ್ಳುಗಾರರು ಎಂದಿರಿ. ಇದೇ ಸಭೆಯಲ್ಲಿ ಎದ್ದು ನಿಂತು ಕ್ಷಮೆ ಕೇಳಿ."