ಡಿಸ್ಕಿಗೆ ಅಂಟಿದ ಮುಹೂರ್ತ

ಲೋಹಸ್ಮೃತಿ ದರ್ಶಕ ಯಂತ್ರ ತನ್ನ ನೀಲಿ ಬೆಳಕನ್ನು ಕಾರಿನ ಬ್ರೇಕ್ ಡಿಸ್ಕಿನ ಮೇಲೆ ಮೆಲ್ಲಗೆ ಹಾಯಿಸುತ್ತಿತ್ತು. ಮಂಗಳೂರಿನ ವಾಹನ ಪರೀಕ್ಷಾ ಕೇಂದ್ರದಲ್ಲಿ ಜನ ಅದಕ್ಕೆ ಇಟ್ಟ ಹೆಸರು ಚಾಡಿಕೋರ. ಯಾವ ಕಾರು ಎಲ್ಲಿ ಹೇಗೆ ನಿಂತಿತ್ತು ಎಂಬುದನ್ನು ಅದು ಕಬ್ಬಿಣದ ಬಾಯಿಂದಲೇ ಹೊರಡಿಸುತ್ತಿತ್ತು. ಅದನ್ನು ಕಂಡುಹಿಡಿದ ಡಾ. ಲೋಲಾಕ್ಷಿ ಸುವರ್ಣ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಎದುರಿಗಿದ್ದವನು ಅವಳ ಅಣ್ಣ ಜಗನ್ನಿವಾಸ. ಎರಡು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ.

"ವಾಹನದ ಮಾಲಕರು ಹಳದಿ ಗೆರೆಯ ಆಚೆ ನಿಲ್ಲಬೇಕು," ಎಂದಳು.

"ನಿಲ್ತೇನೆ ಡಾಕ್ಟ್ರೇ. ನಿಮ್ಮ ಗೆರೆ ದಾಟುವ ಆಸೆ ನನಗೆ ಎಂತದೂ ಇಲ್ಲ."

ಕಾರುಗಳು ತಾವಾಗಿಯೇ ಓಡುವ ಕಾಲ ಅದು. ಕೈಯಾರೆ ಓಡಿಸುವ ಪರವಾನಗಿ ಉಳಿದಿದ್ದದ್ದು ಬೆರಳೆಣಿಕೆಯ ಮಂದಿಗೆ. ಅಂಥವರ ಕಾರು ನಡುಗಿದರೆ ಪರೀಕ್ಷೆ ಕಡ್ಡಾಯ. ದೋಷ ಲೋಹದ್ದಾದರೆ ಹೊಸ ಡಿಸ್ಕ್, ಚಾಲಕನ ಕಾಲಿನದ್ದಾದರೆ ಪರವಾನಗಿ ರದ್ದು. ಯಂತ್ರವೊಂದು ತನ್ನನ್ನು ಕೂರಿಸಿಕೊಂಡು ಊರು ಸುತ್ತಿಸುವುದೆಂದರೆ ಜಗನ್ನಿವಾಸನಿಗೆ ಮೈಯೆಲ್ಲ ಉರಿ. ಲೋಲಾಕ್ಷಿಗೆ ಅದು ಗೊತ್ತಿತ್ತು. ಗೊತ್ತಿದ್ದುದರಿಂದಲೇ ಸಹಾಯಕರನ್ನು ಬೇರೆ ಕೆಲಸಕ್ಕೆ ಅಟ್ಟಿ, ಈ ಕಾರನ್ನು ತಾನೇ ಕೈಗೆತ್ತಿಕೊಂಡಿದ್ದಳು.

ಎರಡು ವರ್ಷದ ಹಿಂದೆ ಲೋಲಾಕ್ಷಿಯ ಒಬ್ಬಳೇ ಮಗಳು ರಶ್ಮಿತಾಳ ಮದುವೆಯಲ್ಲಿ, ಧಾರೆಯ ಹೊತ್ತಿಗೆ, ಮಂಟಪದಲ್ಲಿ ಸೋದರಮಾವನೇ ಇರಲಿಲ್ಲ. ಯಾರೋ ದೂರದ ನೆಂಟನನ್ನು ಊಟದ ಸಾಲಿನಿಂದ ಎಬ್ಬಿಸಿ ತಂದು ನಿಲ್ಲಿಸಬೇಕಾಯಿತು. ಬೀಗರ ಮುಂದೆ ಅವಳ ಮುಖ ಹುಳ್ಳಗಾದದ್ದು ಇನ್ನೂ ಸರಿಹೋಗಿರಲಿಲ್ಲ. ಕರೆಯದೆ ಬಿಟ್ಟಿದ್ದಳೇ? ಊರಿಗೆಲ್ಲ ಕಳಿಸಿದ ಹಾಗೆ ಅವನ ಫೋನಿಗೂ ಆಮಂತ್ರಣ ಕಳಿಸಿದ್ದಳು.

"ನಡುಗುವುದು ಯಾವಾಗ?"

"ಬ್ರೇಕ್ ಒತ್ತಿದ್ರೆ ಮಾತ್ರ. ಮೊದಲು ಸಣ್ಣಕ್ಕೆ ಇತ್ತು. ಈಗ ಸ್ಟೀಯರಿಂಗ್ ಕೈಯಲ್ಲಿ ನಿಲ್ಲುದಿಲ್ಲ. ಡಿಸ್ಕ್ ಬೆಂಡಾಗಿದೆ ಅಂತ ಗ್ಯಾರೇಜಿನವ ಹೇಳಿದ."

"ಗ್ಯಾರೇಜಿನವರು ಎಲ್ಲದಕ್ಕೂ ಅದನ್ನೇ ಹೇಳುದು. ಬೆಂಡಾಗಲಿಲ್ಲ. ಮೇಲೆ ಎಂತದೋ ಅಂಟಿದೆ."

ಇಳಿಜಾರಿನಲ್ಲಿ ಬ್ರೇಕ್ ಹಿಡಿದು ಹಿಡಿದು ಡಿಸ್ಕ್ ಕಾದಿರುತ್ತದೆ. ಕಾರು ನಿಂತ ಮೇಲೂ ಕಾಲು ತೆಗೆಯದೆ ಕೂತರೆ, ಡಿಸ್ಕನ್ನು ಅದುಮಿ ಹಿಡಿಯುವ ಪ್ಯಾಡಿನ ವಸ್ತು ಅದರ ಒಂದೇ ಜಾಗಕ್ಕೆ ಮೆತ್ತಿಕೊಳ್ಳುತ್ತದೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಆ ಉಬ್ಬು ಪ್ಯಾಡಿಗೆ ತಾಗಿ ಕಾರು ನಡುಗುತ್ತದೆ. ಇಷ್ಟು ಮೊದಲೇ ತಿಳಿದಿದ್ದ ವಿಷಯ. ಆ ಪದರ ತಣಿಯುವಾಗ ಸುತ್ತಲಿನ ಸದ್ದಿನ ಸೂಕ್ಷ್ಮ ಕಂಪನವನ್ನೂ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಲೋಲಾಕ್ಷಿಯ ಶೋಧ. ಆ ಧ್ವನಿಪದರವನ್ನು ಬೆಳಕಿನಿಂದ ಓದಿ ಮತ್ತೆ ಸದ್ದಾಗಿಸುವ ಯಂತ್ರವನ್ನು ಅವಳು ಮಾಡಿದ್ದು ಕಾರು ನಿಂತ ಜಾಗ ಯಾವುದೆಂದು ಪತ್ತೆಹಚ್ಚಲು ಮಾತ್ರ.

"ಒಂದೇ ಉಬ್ಬು," ಎಂದಿತು ಯಂತ್ರ. "ಕಾದ ಡಿಸ್ಕ್. ನಿಂತ ಕಾರಿನಲ್ಲಿ ಬಹಳ ಹೊತ್ತು ಒತ್ತಿ ಹಿಡಿದ ಕಾಲು. ಚಾಲಕನ ದೋಷ."

ಲೋಲಾಕ್ಷಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. "ಕೇಳಿತಲ್ಲ? ಪರವಾನಗಿ ಇಲ್ಲಿಡಿ."

"ನಿನ್ನ ಡಬ್ಬಿ ಸುಳ್ಳು ಹೇಳ್ತದೆ!"

"ಸುಳ್ಳಾ? ಎಲ್ಲಿ ನಿಂತದ್ದು ಅಂತಲೂ ಕೇಳಿಸ್ತೇನೆ, ಇರಿ."

"ಬೇಡ." ಜಗನ್ನಿವಾಸ ಅವಸರದಿಂದ ಜೇಬಿಗೆ ಕೈಹಾಕಿ, ಪರವಾನಗಿಯ ಕಾರ್ಡನ್ನು ಮೇಜಿನ ಮೇಲೆ ಬಿಸಾಡಿದ. "ತಕ್ಕೊ. ಸಾಕಲ್ಲ? ಅದನ್ನು ಆಫ್ ಮಾಡು."

ಇಷ್ಟು ಸುಲಭಕ್ಕೆ ಸೋಲುವ ಜನವಲ್ಲ ಅವನು. ಎಲ್ಲಿಯೋ ಮರ್ಯಾದೆಗೆಟ್ಟ ಕೆಲಸಕ್ಕೆ ಹೋಗಿರಬೇಕು, ಬಯಲಾಗಲಿ ಎಂದು ಲೋಲಾಕ್ಷಿ ಗುಂಡಿ ಒತ್ತಿದಳು.

ಮೊದಲು ಬರೀ ಗರಗರ. ಆಮೇಲೆ ದೂರದಿಂದ ನಾದಸ್ವರ, ಅದರ ಬೆನ್ನಿಗೆ ಗಟ್ಟಿಮೇಳ. ನಡುವೆ ಡೋಲಿನವನು ಒಮ್ಮೆ ತಾಳ ತಪ್ಪಿ, ಮತ್ತೆ ಹಿಡಿದುಕೊಂಡ. ಆ ಡೋಲಿನವನನ್ನು ಅವತ್ತು ಲೋಲಾಕ್ಷಿಯೇ ಬೈದಿದ್ದಳು. ಅದು ಗುಡ್ಡದ ಬುಡದ ಸಭಾಭವನ, ಅವಳ ಮಗಳ ಮುಹೂರ್ತ. ಅಷ್ಟರಲ್ಲಿ ತೀರ ಹತ್ತಿರದಿಂದ, ಕಾರಿನೊಳಗಿನಿಂದಲೇ, ಅಣ್ಣನ ದನಿ ಗೊಣಗಿತು: "ಒಬ್ಬ ಹೊರಗೆ ಬಂದು ಬಾ ಅಂತ ಹೇಳಿದ್ರೆ ಇವರ ಗಂಟು ಎಂತ ಹೋಗ್ತಿತ್ತು?" ಆಮೇಲೆ ಮೂಗೊರೆಸಿಕೊಂಡ ಸದ್ದು.

ಲೋಲಾಕ್ಷಿ ಯಂತ್ರವನ್ನು ನಿಲ್ಲಿಸಿದಳು. ಸಿಟ್ಟಿನಲ್ಲೇ ಕೇಳಿದಳು: "ಹ್ಯಾಂಡ್ ಬ್ರೇಕ್ ಇರಲಿಲ್ಲವಾ ಕಾರಿಗೆ?"

"ಉಂಟು. ಅದನ್ನು ಎಳೆದ್ರೆ ಬಂದ ಹಾಗೆ ಆಗ್ತದಲ್ಲ. ಕರೆಯದ ಕಡೆಗೆ ನಾನು ಬರುದಿಲ್ಲ."

"ಕರೆದಿದ್ದೆ!"

"ಫೋನಿಗೆ! ಸೋದರಮಾವನಿಗೆ! ಅಮ್ಮ ಇದ್ದಿದ್ರೆ ಮೊದಲ ಕರೆ ಯಾರ ಬಾಗಿಲಿಗೆ ಬರ್ತಿತ್ತು, ಹೇಳು?"

ಅವರ ಮನೆತನದಲ್ಲಿ ಸೋದರಮಾವನನ್ನು ಮನೆಗೆ ಹೋಗಿ, ಎಲೆ ಅಡಿಕೆ ಕೊಟ್ಟೇ ಕರೆಯಬೇಕು. ಮದುವೆಗೆ ಮುಂಚಿನ ಆ ವಾರವೆಲ್ಲ ಲೋಲಾಕ್ಷಿ ಹಗಲಿರುಳು ಕೂತಿದ್ದದ್ದು ಇದೇ ಯಂತ್ರದ ಮುಂದೆ.

"ಚಾಲಕನ ದೋಷ. ಖಚಿತಪಡಿಸಿ," ಎಂದಿತು ಯಂತ್ರ.

"ಅಲ್ಲ."

"ಲೋಹದ ದೋಷವೇ?"

"ಅದೂ ಅಲ್ಲ. ಕರೆಯಲು ಹೋಗದವಳ ದೋಷ."

"ಆ ಆಯ್ಕೆ ಇಲ್ಲ."

ತಾನೇ ಹುಟ್ಟಿಸಿದ ಯಂತ್ರಕ್ಕೆ ಲೋಲಾಕ್ಷಿ ಮೊದಲ ಬಾರಿ ಸುಳ್ಳು ಹೇಳಿದಳು: ಲೋಹದ ದೋಷ. ಹೊಸ ಡಿಸ್ಕುಗಳನ್ನು ಕೂರಿಸಿ, ಪರವಾನಗಿಯನ್ನು ಅವನ ಕಡೆಗೆ ತಳ್ಳಿದಳು. ಕರಗಿಸುವ ತೊಟ್ಟಿಗೆ ಹೋಗಬೇಕಿದ್ದ ಆ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ತನ್ನ ಚೀಲಕ್ಕೆ ಹಾಕಿಕೊಂಡಳು.

"ಅದೆಂತಕ್ಕೆ?"

"ರಶ್ಮಿತಾಳಿಗೆ ಕೇಳಿಸ್ಲಿಕ್ಕೆ." ಚೀಲದ ಬಾಯಿ ಕಟ್ಟಿದಳು. "ಅಣ್ಣ, ಬರುವ ಆದಿತ್ಯವಾರ ಅವಳ ಸೀಮಂತ. ಬಾ."

"ಇಲ್ಲಿ ಗ್ರೀಸಿನ ನಡುವೆ ನಿಂತು ಕರೆಯುದಾ? ಬುದ್ಧಿ ಬರಲಿಲ್ಲ ನಿನಗೆ. ಮನೆಗೆ ಬಂದು ಕರಿ!"

ಅವನು ಕಾರು ಹತ್ತಿ ಬಾಗಿಲನ್ನು ದಢಾರನೆ ಎಳೆದುಕೊಂಡ. ಕಾರು ಅಂಗಳ ದಾಟಿ ಗೇಟಿನ ತನಕ ಹೋಯಿತು. ಅಲ್ಲಿ ಹಿಂದಿನ ಕೆಂಪು ದೀಪಗಳು ಹೊತ್ತಿಕೊಂಡವು. ಕಾರು ಒಂದಿಷ್ಟೂ ನಡುಗಲಿಲ್ಲ. ಆದರೆ ಗೇಟು ತೆರೆದೇ ಇದ್ದರೂ ಮುಂದಕ್ಕೆ ಹೋಗಲಿಲ್ಲ, ದೀಪಗಳು ಆರಲೂ ಇಲ್ಲ.

ಲೋಲಾಕ್ಷಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಆಮೇಲೆ ಚೀಲವನ್ನು ಹೆಗಲಿಗೇರಿಸಿ ಓಡಿದಳು.

"ಕಾಲು ತೆಗಿ ಮಾರಾಯ! ಹೊಸ ಡಿಸ್ಕ್ ಅದು! ಕರೀಲಿಕ್ಕೆ ನಾನು ಈಗಲೇ ನಿನ್ನೊಟ್ಟಿಗೆ ಮನೆಗೇ ಬರುದು, ಹ್ಯಾಂಡ್ ಬ್ರೇಕ್ ಎಳಿ!"

ಕರ್‌ರ್ ಎಂದು ಹ್ಯಾಂಡ್ ಬ್ರೇಕ್ ಎಳೆದ ಸದ್ದು ಅವಳಿಗೆ ಅಷ್ಟು ದೂರದಿಂದಲೇ ಕೇಳಿಸಿತು.